ಬಸ್ಸಾರಿನ ಕಟ್ಟು ಮತ್ತು ಫ್ರಿಜ್ಜಿನ ಮೇಲಿನ ನಾಲ್ಕು ಪಟ್ಟಿ

2023ರ ಮಳೆಗಾಲದಲ್ಲಿ ನಮ್ಮ ಮನೆಯ ಫ್ರಿಜ್ಜಿನ ಬಾಗಿಲು ಕಾಣುತ್ತಲೇ ಇರಲಿಲ್ಲ. ನಾಲ್ಕು ಪಟ್ಟಿಗಳು ಅದರ ಮೇಲೆ ನೇತಾಡುತ್ತಿದ್ದವು. ಒಂದು ಆಸ್ಪತ್ರೆಯಲ್ಲಿ ಕೊಟ್ಟ ಡಯಟ್ ಚಾರ್ಟು. ಇನ್ನೊಂದು ಬೆಂಗಳೂರಿನ ನಾದಿನಿ ಕಳಿಸಿದ್ದು. ಮೂರನೆಯದನ್ನು ನಾನೇ ಫೋನಿನಲ್ಲಿ ಹುಡುಕಿ ಬರೆದುಕೊಂಡಿದ್ದೆ. ನಾಲ್ಕನೆಯದು ಮದ್ದೂರಿನ ಹತ್ತಿರದ ಊರಿನಿಂದ ಅಮ್ಮ ಫೋನಿನಲ್ಲಿ ಹೇಳಿ ಬರೆಸಿದ್ದು.

ನಾಲ್ಕೂ ನನ್ನ ಹೊಟ್ಟೆಯ ಒಳಿತಿಗೇ. ಆದರೆ ಒಂದಕ್ಕೊಂದು ಮಾತು ಬಿಟ್ಟ ಅಣ್ಣತಮ್ಮಂದಿರ ಹಾಗೆ ಇದ್ದವು. ಆಸ್ಪತ್ರೆ ಪಟ್ಟಿಯಲ್ಲಿ ಮೊಸರು ತಿನ್ನಿ ಅಂತ ಇತ್ತು, ನನ್ನ ಪಟ್ಟಿಯಲ್ಲಿ ಮೊಸರು ಬೇಡ. ಒಂದರಲ್ಲಿ ಸೇಬು ದಿನಾ ಒಂದು, ಇನ್ನೊಂದರಲ್ಲಿ ಸೇಬಿಗೆ ಕೆಂಪು ಗುರುತು. ನಾದಿನಿ ಪಟ್ಟಿಯಲ್ಲಿ ಇಂಗು ನಿಷೇಧ, ಅಮ್ಮನ ಪಟ್ಟಿಯಲ್ಲಿ ಇಂಗೇ ಮದ್ದು. ಬಾಳೆಹಣ್ಣಿನ ಕಥೆಯಂತೂ ಕೇಳಬೇಡಿ. ನಾನು ಬರೆದುಕೊಂಡ ಒಂದೇ ಹಾಳೆಯಲ್ಲಿ ಅದು ಎರಡು ಕಡೆ ಇತ್ತು, ಮೇಲೆ ತಿನ್ನಬಹುದು, ಕೆಳಗೆ ತಿನ್ನಬಾರದು.

ನಾನು ಮೈಸೂರಿನಲ್ಲಿ ಹೈಸ್ಕೂಲ್ ಟೀಚರ್. ನನ್ನ ಹೊಟ್ಟೆಯ ತೊಂದರೆ ಶುರುವಾಗಿ ಎರಡು ವರ್ಷವಾಗಿತ್ತು. ಬೆಳಗ್ಗೆ ಹೊಟ್ಟೆ ನುಲಿಯುವುದು, ಎರಡು ಮೂರು ಸಲ ಹೋಗಿ ಬಂದ ಮೇಲೆ ಸ್ವಲ್ಪ ಹಗುರ. ಸಂಜೆಗೆ ಹೊಟ್ಟೆ ಉಬ್ಬಿ ಸೀರೆ ಬಿಗಿಯಾಗುವುದು. ಮೊದಲ ಪಿರಿಯಡ್ ಅಂದರೆ ನನಗೆ ಪಾಠದ ಚಿಂತೆ ಇರಲಿಲ್ಲ, ಸ್ಟಾಫ್ ರೂಮಿನ ಹಿಂದಿನ ಬಾಗಿಲು ತೆರೆದಿದೆಯೋ ಇಲ್ಲವೋ ಎಂಬ ಚಿಂತೆ. ಹೆಡ್‌ಮಾಸ್ಟರಿಗೆ ಕಾರಣ ಹೇಳುವುದಾದರೂ ಹೇಗೆ? "ನಂಗೆ ಎರಡನೇ ಪಿರಿಯಡ್ಡೇ ಕೊಡಿ ಸಾರ್" ಅಂತ ಕೇಳಿಕೊಂಡಿದ್ದೆ. ಸೋಮಾರಿತನ ಅಂದುಕೊಂಡರು ಅನ್ನಿಸುತ್ತೆ.

ಕೊನೆಗೆ ಜೂನ್‌ನಲ್ಲಿ ದೊಡ್ಡ ಆಸ್ಪತ್ರೆಯೊಂದಕ್ಕೆ ಹೋದೆ. ರಕ್ತ, ಥೈರಾಯ್ಡ್, ಮಲ ಪರೀಕ್ಷೆ, ಎಲ್ಲ ಮಾಡಿಸಿದರು. ಮಲದಲ್ಲಿ ರಕ್ತ ಇದೆಯಾ, ತೂಕ ಇಳಿದಿದೆಯಾ, ರಾತ್ರಿ ನಿದ್ದೆಯಿಂದ ಎಬ್ಬಿಸುತ್ತಾ ಅಂತ ಡಾಕ್ಟರು ಕೇಳಿದರು. ಎಲ್ಲಕ್ಕೂ ಇಲ್ಲ ಅಂದೆ. ವರದಿಯೆಲ್ಲ ಸರಿಯಾಗಿಯೇ ಬಂತು. "ಐಬಿಎಸ್, ಅಂದರೆ ಇರಿಟಬಲ್ ಬವೆಲ್ ಸಿಂಡ್ರೋಮ್. ಕರುಳು ಸ್ವಲ್ಪ ಸೂಕ್ಷ್ಮ, ಅಷ್ಟೇ. ಹೆದರಬೇಡಿ" ಅಂದರು. ಒಂದು ಮಾತ್ರೆ, ಒಂದು ಛಾಪಿಸಿದ ಹಾಳೆ. ಹೊರಗೆ ಐವತ್ತು ಜನ ಕಾದಿದ್ದರು. ಹಾಳೆಯ ಬಗ್ಗೆ ಕೇಳಲು ನನಗೂ ತೋಚಲಿಲ್ಲ, ಹೇಳಲು ಅವರಿಗೂ ಪುರುಸೊತ್ತು ಇರಲಿಲ್ಲ.

ಆ ಹಾಳೆಯಲ್ಲಿ ಖಾರ ಬೇಡ, ಕರಿದದ್ದು ಬೇಡ, ಕಾಫಿ ಬೇಡ, ನಾರು ಜಾಸ್ತಿ ತಿನ್ನಿ ಅಂತಿತ್ತು. ಗೋಧಿ, ಸೇಬು, ಮೊಳಕೆಕಾಳು. ನಾನು ಶ್ರದ್ಧೆಯಿಂದ ಹದಿನೈದು ದಿನ ಬೆಳಗ್ಗೆ ಮೊಳಕೆಕಾಳು, ಮಧ್ಯಾಹ್ನ ಚಪಾತಿ, ಸಂಜೆ ಸೇಬು ತಿಂದೆ. ಆ ಹದಿನೈದು ದಿನ ನಮ್ಮ ಮನೆಯಲ್ಲಿ ನನ್ನ ಹೊಟ್ಟೆಯ ಸದ್ದು ಟೀವಿಗಿಂತ ಜೋರಾಗಿತ್ತು.

ಆಗ ಫೋನಿನಲ್ಲಿ ಹುಡುಕಿದೆ. ಅಲ್ಲಿ ಸಿಕ್ಕಿದ ಹೆಸರೇ ಫಾಡ್‌ಮ್ಯಾಪ್. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿರುವ ಮೋನಾಶ್ ವಿಶ್ವವಿದ್ಯಾಲಯದ ಸಂಶೋಧಕರು ಕೆಲವು ಬಗೆಯ ಸಕ್ಕರೆಗಳಿಗೆ 2005ರ ಹೊತ್ತಿಗೆ ಇಟ್ಟ ಹೆಸರು. ವಿಷಯ ಸರಳ. ಈ ಸಕ್ಕರೆಗಳನ್ನು ಸಣ್ಣ ಕರುಳು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಅವು ನೀರನ್ನು ಎಳೆದುಕೊಂಡು ಮುಂದಕ್ಕೆ ಹೋಗುತ್ತವೆ. ದೊಡ್ಡ ಕರುಳಿನಲ್ಲಿರುವ ಬ್ಯಾಕ್ಟೀರಿಯಾಗಳಿಗೆ ಅದೇ ಹಬ್ಬದೂಟ. ಅವು ತಿಂದು ಗ್ಯಾಸು ಬಿಡುತ್ತವೆ. ಇದು ಎಲ್ಲರ ಹೊಟ್ಟೆಯಲ್ಲೂ ನಡೆಯುವುದೇ. ನಮ್ಮಂಥವರ ಕರುಳಿನ ನರಗಳು ಅದನ್ನು ಜಾಸ್ತಿ ಹಚ್ಚಿಕೊಳ್ಳುತ್ತವೆ. ಗೋಧಿ, ಈರುಳ್ಳಿ, ಬೆಳ್ಳುಳ್ಳಿಯಲ್ಲಿರುವುದು ಫ್ರಕ್ಟಾನ್. ಕಾಳುಗಳಲ್ಲಿರುವುದು ಗ್ಯಾಲಕ್ಟೋ ಆಲಿಗೋಸ್ಯಾಕರೈಡ್, ಚಿಕ್ಕದಾಗಿ ಗಾಸ್ ಅನ್ನುತ್ತಾರೆ (ಗ್ಯಾಸ್ ಅಲ್ಲ, ಆದರೆ ಹೆಸರಿಟ್ಟವರಿಗೆ ಕನ್ನಡ ಬರುತ್ತಿದ್ದರೆ ನಕ್ಕಿರುತ್ತಿದ್ದರು). ಹಾಲಿನಲ್ಲಿ ಲ್ಯಾಕ್ಟೋಸ್. ಸೇಬು, ಮಾವು, ಜೇನಿನಲ್ಲಿ ಹೆಚ್ಚುವರಿ ಫ್ರಕ್ಟೋಸ್. ಅಣಬೆ, ಹೂಕೋಸಿನಲ್ಲಿ ಮ್ಯಾನಿಟಾಲ್.

ಇಷ್ಟು ತಿಳಿದ ಮೇಲೆ ನನ್ನ ತೊಂದರೆ ಕಡಿಮೆಯಾಗಬೇಕಿತ್ತಲ್ಲವಾ? ಜಾಸ್ತಿಯಾಯಿತು. ಯಾಕೆಂದರೆ ನಾನು ಹಳೆಯ ಪಟ್ಟಿಗಳನ್ನು ಕಿತ್ತುಹಾಕಲಿಲ್ಲ. ಯಾವುದು ಸರಿ ಅಂತ ಗೊತ್ತಿಲ್ಲದಿದ್ದರೆ ಎಲ್ಲವನ್ನೂ ಪಾಲಿಸಿದರೆ ಆಯಿತು ಅಂದುಕೊಂಡೆ. ನಾಲ್ಕೂ ಪಟ್ಟಿಯಲ್ಲಿ ತಿನ್ನಬಹುದು ಎಂದಿದ್ದದ್ದನ್ನು ಮಾತ್ರ ತಿನ್ನುವುದು. ಒಂದು ಪಟ್ಟಿಯಲ್ಲಿ ಬೇಡ ಎಂದಿದ್ದರೂ ಬಿಡುವುದು. ಕೊನೆಗೆ ಉಳಿದದ್ದು ಅನ್ನ, ಕ್ಯಾರೆಟ್, ಸೌತೆಕಾಯಿ, ಬೀನ್ಸ್, ತುಪ್ಪ, ಮೊಟ್ಟೆ, ಶುಂಠಿ, ಜೀರಿಗೆ, ಉಪ್ಪು. ಉಪ್ಪನ್ನೂ ಲೆಕ್ಕಕ್ಕೆ ಹಿಡಿದರೆ ಒಂಬತ್ತು.

ಹೊಟ್ಟೆ ಶಾಂತವಾಯಿತು, ನಿಜ. ಅದಕ್ಕೆ ಸದ್ದು ಮಾಡಲು ಒಳಗೆ ಏನೂ ಇರಲಿಲ್ಲ. ನವೆಂಬರ್ ಹೊತ್ತಿಗೆ 56 ಕೆಜಿ ಇದ್ದವಳು 50ಕ್ಕೆ ಬಂದಿದ್ದೆ. ಬೋರ್ಡಿನ ಮೇಲೆ ಬರೆಯುವಾಗ ಕೈ ನಡುಗುತ್ತಿತ್ತು. ಇವರು ಒಂದು ದಿನ ಊಟಕ್ಕೆ ಕೂತವರು, ನನ್ನ ತಟ್ಟೆ ನೋಡಿ, "ಇದು ಪಥ್ಯನಾ, ಉಪವಾಸ ಸತ್ಯಾಗ್ರಹನಾ?" ಅಂದರು. ಮಗಳು ನಗಲಿಲ್ಲ. ಅದು ನನಗೆ ನಾಟಿತು.

ಡಯಟಿಷಿಯನ್ ಒಬ್ಬರಿದ್ದಾರೆ ಎಂದು ಹೇಳಿದ್ದು ಸಹೋದ್ಯೋಗಿಯೊಬ್ಬರು. ಕುವೆಂಪುನಗರದಲ್ಲಿ ಒಂದು ಸಣ್ಣ ಕ್ಲಿನಿಕ್. ನಾನು ನಾಲ್ಕೂ ಪಟ್ಟಿ ಹಿಡಿದುಕೊಂಡು ಹೋದೆ. ಕೋರ್ಟಿಗೆ ದಾಖಲೆ ಹಿಡಿದು ಹೋಗುವವರ ಹಾಗೆ. ಆಕೆ ಒಂದೊಂದನ್ನೂ ಓದಿ ಪಕ್ಕಕ್ಕಿಟ್ಟು ಮೊದಲು ಕೇಳಿದ್ದು ಇಷ್ಟೇ: "ಇದನ್ನ ಎಷ್ಟು ದಿನ ಮಾಡಬೇಕು ಅಂತ ಯಾರಾದ್ರೂ ಹೇಳಿದ್ರಾ ಮೇಡಂ?"

ಯಾರೂ ಹೇಳಿರಲಿಲ್ಲ. ಜೀವನಪೂರ್ತಿ ಅಂದುಕೊಂಡಿದ್ದೆ.

"ಎರಡರಿಂದ ಆರು ವಾರ. ಅಷ್ಟೇ ಅದು. ಆಮೇಲೆ ಒಂದೊಂದಾಗಿ ವಾಪಸ್ ತಂದು ನೋಡಬೇಕು. ನೀವು ಐದು ತಿಂಗಳಿಂದ ಬಾಗಿಲಲ್ಲೇ ನಿಂತಿದ್ದೀರಿ."

ಇನ್ನೊಂದು ಪ್ರಶ್ನೆ ಕೇಳಿದರು. ಜೂನ್‌ನಲ್ಲಿ ಸೀಲಿಯಾಕ್ ಕಾಯಿಲೆಗೆಂದು (ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನಿನಿಂದ ಕರುಳು ಕೆಡುವ ಕಾಯಿಲೆ) ರಕ್ತ ಕೊಟ್ಟಾಗ ಚಪಾತಿ ತಿನ್ನುತ್ತಿದ್ದಿರಾ ಅಂತ. ತಿನ್ನುತ್ತಿದ್ದೆ. "ಸದ್ಯ" ಅಂದರು. ಗೋಧಿ ಬಿಟ್ಟ ಮೇಲೆ ಆ ಪರೀಕ್ಷೆ ಮಾಡಿಸಿದರೆ ಕಾಯಿಲೆ ಇದ್ದರೂ ಇಲ್ಲ ಅಂತ ಬರಬಹುದಂತೆ. ಪಟ್ಟಿ ನೋಡಿ ಮೊದಲೇ ಗೋಧಿ ಬಿಟ್ಟು ಆಮೇಲೆ ಡಾಕ್ಟರ ಹತ್ತಿರ ಹೋಗುವವರೇ ಜಾಸ್ತಿ, ಅವರನ್ನು ಮತ್ತೆ ಆರು ವಾರ ಗೋಧಿ ತಿನ್ನಿಸಿ ಪರೀಕ್ಷೆ ಮಾಡಿಸಬೇಕಾಗುತ್ತೆ ಎಂದರು. ಇದನ್ನು ಓದುವವರು ಯಾರಾದರೂ ನಾಳೆಯಿಂದ ಚಪಾತಿ ಬಿಡೋಣ ಅಂದುಕೊಂಡಿದ್ದರೆ, ಆ ಪರೀಕ್ಷೆ ಮುಗಿಸಿಯೇ ಬಿಡಿ.

ಆಮೇಲೆ ನಾಲ್ಕು ಪಟ್ಟಿಗಳನ್ನು ಮೇಜಿನ ಮೇಲೆ ಹರಡಿದರು. ಆಸ್ಪತ್ರೆಯದು ಹೊಟ್ಟೆಯ ತೊಂದರೆಯಿದ್ದವರಿಗೆಲ್ಲ ಕೊಡುವ ಸಾಮಾನ್ಯ ಸಲಹೆ, ಮಲಬದ್ಧತೆ ಇರುವವರಿಗೆ ಜಾಸ್ತಿ ಹೊಂದುವಂಥದ್ದು. ನನ್ನದು ಉಲ್ಟಾ ಕೇಸು. ನಾದಿನಿಯದು? ಅವಳಿಗೆ ಫೋನ್ ಮಾಡಿ ಕೇಳಿದೆ. "ಅತ್ತಿಗೆ, ಅದು ನಮ್ಮ ಆಫೀಸಲ್ಲಿ ಒಬ್ರಿಗೆ ಗ್ಲುಟೆನ್ ಆಗಲ್ಲ, ಅವರದ್ದು. ಹೊಟ್ಟೆ ಪಥ್ಯ ಅಲ್ವಾ ಅಂತ ಕಳಿಸ್ದೆ" ಅಂದಳು. ಅದು ಸೀಲಿಯಾಕ್ ಇರುವವರ ಪಟ್ಟಿ! ಅದಕ್ಕೇ ಅದರಲ್ಲಿ ಈರುಳ್ಳಿ ಬೆಳ್ಳುಳ್ಳಿಗೆ ಅಡ್ಡಿಯೇ ಇರಲಿಲ್ಲ, ಇಂಗಿಗೆ ಮಾತ್ರ ಅಡ್ಡಿ. ಅಂಗಡಿಯಲ್ಲಿ ಸಿಗುವ ಡಬ್ಬಿ ಇಂಗು ಬರೀ ಇಂಗಲ್ಲ. ಮನೆಗೆ ಬಂದು ನಮ್ಮ ಡಬ್ಬಿಯ ಹಿಂಬದಿ ಓದಿದೆ. ಗೋಂದು, ಗೋಧಿ ಹಿಟ್ಟು, ಆಮೇಲೆ ಇಂಗು. ಸೀಲಿಯಾಕ್ ಇದ್ದವರಿಗೆ ಆ ಚಿಟಿಕೆ ಗೋಧಿಯೂ ವಿಷವೇ. ನನ್ನ ಲೆಕ್ಕವೇ ಬೇರೆ, ನನಗೆ ಬೇಕಾದ್ದು ಫ್ರಕ್ಟಾನ್ ಎಷ್ಟು ಅಂತ. ಒಂದು ಪಾತ್ರೆ ಸಾರಿಗೆ ಬೀಳುವ ಚಿಟಿಕೆಯಲ್ಲಿ ಅದು ಲೆಕ್ಕಕ್ಕೇ ಇಲ್ಲ. ಐದು ತಿಂಗಳು ಇಂಗಿಲ್ಲದ ಒಗ್ಗರಣೆ ಸುಮ್ನೆ ತಿಂದಿದ್ದೆ, ಬೇರೆಯವರ ಕಾಯಿಲೆಗೆ.

ಇನ್ನು ಅಮ್ಮನ ಪಟ್ಟಿ. ಅದರಲ್ಲಿ ಇಂಗು ಜೀರಿಗೆ ಹಾಕಿದ ಮಜ್ಜಿಗೆ, ಶುಂಠಿ ಕಷಾಯ, ಎಲ್ಲ ಚೆನ್ನಾಗಿಯೇ ಇತ್ತು. ಒಂದು ಬಿಟ್ಟು. ರಾತ್ರಿ ಮಲಗುವಾಗ ಎರಡು ಎಸಳು ಬೆಳ್ಳುಳ್ಳಿ ಸುಟ್ಟು ತಿನ್ನಬೇಕು, ವಾಯು ಹೋಗುತ್ತೆ. ನಾನು ಮೊದಲ ತಿಂಗಳು ಪ್ರತಿ ರಾತ್ರಿ ತಿಂದಿದ್ದೆ. ಪಕ್ಕದಲ್ಲಿ ಮಲಗುವವರನ್ನು ಕೇಳಿ, ವಾಯು ಎಲ್ಲಿಗೆ ಹೋಗುತ್ತಿತ್ತು ಅಂತ.

ಹೀಗೆ ಮೂರು ಪಟ್ಟಿ ಜಾಗ ಖಾಲಿ ಮಾಡಿದವು. ಉಳಿದದ್ದು ಫಾಡ್‌ಮ್ಯಾಪ್ ಒಂದೇ. ಆದರೆ ಅದರೊಳಗೇ ಜಗಳ ಇತ್ತಲ್ಲ, ಬಾಳೆಹಣ್ಣಿನದು?

"ನೀವು ಎರಡು ಕಡೆಯಿಂದ ಬರ್ಕೊಂಡಿದ್ದೀರಿ. ಒಂದು ಹಳೇದು, ಒಂದು ಹೊಸದು" ಎಂದರು ಆಕೆ. ಮೋನಾಶ್‌ನವರು ಆಹಾರಗಳನ್ನು ಲ್ಯಾಬಿನಲ್ಲಿ ಅಳೆಯುತ್ತಾರೆ. ಆಗಾಗ ಮತ್ತೆ ಅಳೆಯುತ್ತಾರೆ. ಹಿಂದೆ ಬಾಳೆಹಣ್ಣು ಪೂರ್ತಿ ಹಸಿರು ಪಟ್ಟಿಯಲ್ಲಿತ್ತು. ಮತ್ತೆ ಅಳೆದಾಗ ಹಣ್ಣು ಕಳಿತಷ್ಟೂ ಫ್ರಕ್ಟಾನ್ ಏರುವುದು ಕಂಡಿತು. ಈಗ ಅವರ ಲೆಕ್ಕದಲ್ಲಿ ಗಟ್ಟಿಯಾದದ್ದು 100 ಗ್ರಾಂ ತಿನ್ನಬಹುದು. ಕಳಿತದ್ದಾದರೆ 35 ಗ್ರಾಂ, ಅಂದರೆ ಒಂದು ಹಣ್ಣಿನ ಮೂರನೇ ಒಂದು ಭಾಗ. ಅವರು ಅಳೆದದ್ದು ಮುಖ್ಯವಾಗಿ ನಮ್ಮ ಪಚ್ಚಬಾಳೆಯ ಜಾತಿಯದ್ದು. ನಾವು ತಿನ್ನುವ ಏಲಕ್ಕಿ ಬಾಳೆಯನ್ನು ಸಿಪ್ಪೆ ಮೇಲೆ ಚುಕ್ಕಿ ಬೀಳುವವರೆಗೆ ಕಾಯದೆ ಯಾರು ತಿನ್ನುತ್ತಾರೆ?

ಬಾದಾಮಿಯದೂ ಅದೇ ಹಾಡು. ಹತ್ತು ತಿಂದರೆ ಹಸಿರು, ಇಪ್ಪತ್ತು ತಿಂದರೆ ಕೆಂಪು. ಹತ್ತು ಅಂದುಕೊಂಡು ಬರೆದವರು ತಿನ್ನಿ ಅಂದರು, ಹಿಡಿ ಅಂದುಕೊಂಡು ಬರೆದವರು ಬೇಡ ಅಂದರು. ಪಟ್ಟಿಯಿಂದ ಪಟ್ಟಿಗೆ ನಕಲಾಗುವಾಗ ಮೊದಲು ಉದುರಿ ಹೋಗುವುದು ಅಳತೆಯೇ. ಹೆಸರು ಉಳಿಯುತ್ತದೆ, ಗ್ರಾಂ ಹೋಗುತ್ತದೆ. ಆ ಗೆರೆಗಳೂ ಬಹಳ ಬಿಗಿ. ತರಕಾರಿ, ಹಣ್ಣಿನಲ್ಲಿ ಒಂದು ಸಲಕ್ಕೆ ಫ್ರಕ್ಟಾನ್ ಮತ್ತು ಗಾಸ್ ಸೇರಿ 0.2 ಗ್ರಾಂ ದಾಟಬಾರದು. ಧಾನ್ಯ, ಕಾಳಿನಲ್ಲಿ 0.3 ಗ್ರಾಂ. ಲ್ಯಾಕ್ಟೋಸ್ 1 ಗ್ರಾಂ. ನೂರು ಗ್ರಾಂ ಮೊಸರಿನಲ್ಲಿ ಸುಮಾರು ನಾಲ್ಕು ಗ್ರಾಂ ಇರುತ್ತೆ, ಅದಕ್ಕೇ ಮೊಸರು ಕೆಂಪು. ಆದರೆ ಲ್ಯಾಕ್ಟೋಸ್ ಅರಗಿಸಲಾಗದವರೂ ಬಹಳಷ್ಟು ಜನ 12 ಗ್ರಾಂವರೆಗೆ, ಅಂದರೆ ಒಂದು ಲೋಟ ಹಾಲಿನಷ್ಟು, ತಡೆದುಕೊಳ್ಳುತ್ತಾರೆ. ಮೊದಲ ಕೆಲವು ವಾರ ಎಲ್ಲವನ್ನೂ ಹೊರಗಿಡಲು ಎಳೆದ ಗೆರೆಯನ್ನು ನಾನು ಲಕ್ಷ್ಮಣರೇಖೆ ಮಾಡಿಕೊಂಡಿದ್ದೆ.

ಇನ್ನು ಕಾಳಿನ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಮಂಡ್ಯ ಕಡೆಯವಳಿಗೆ ಕಾಳು ಬಿಡು ಅನ್ನುವುದು ಉಸಿರು ಬಿಡಬೇಡ ಅಂದ ಹಾಗೆ.

ನನ್ನ ಹಾಳೆಯಲ್ಲಿ ಕಡಲೆಕಾಳು ಎರಡು ಕಡೆ ಇತ್ತು. ಬೇಯಿಸಿದ್ದು ಕೆಂಪು, ಡಬ್ಬಿಯದು ಕಾಲು ಕಪ್ಪು ಹಸಿರು. ಡಬ್ಬಿಯದು ಯಾಕೆ ಒಳ್ಳೆಯದು ಅಂತ ನನಗೆ ತಲೆ ಕೆಟ್ಟಿತ್ತು. ವಿದೇಶದವರು ಡಬ್ಬಿ ಮಾರಲು ಮಾಡಿದ ಉಪಾಯ ಇರಬೇಕು ಅಂದುಕೊಂಡಿದ್ದೆ. ಡಯಟಿಷಿಯನ್ ಹೇಳಿದ್ದು ಕೇಳಿ ನಗು ಬಂತು. ಗಾಸ್ ನೀರಿನಲ್ಲಿ ಕರಗುತ್ತದೆ. ಡಬ್ಬಿಯಲ್ಲಿ ಕಾಳು ತಿಂಗಳಾನುಗಟ್ಟಲೆ ನೀರಿನಲ್ಲಿ ಕೂತಿರುತ್ತದೆ. ಗಾಸ್ ಆ ನೀರಿಗೆ ಇಳಿದಿರುತ್ತದೆ. ತಿನ್ನುವವರು ಆ ನೀರು ಚೆಲ್ಲಿ ಕಾಳು ತೊಳೆದು ತಿನ್ನುತ್ತಾರೆ. ಹಾಗಾಗಿ ಕಾಳು ಹಗುರ.

ನೀರು ಚೆಲ್ಲಿ ಕಾಳು ತಿನ್ನುವುದು. ನಾವು ಮಾಡುವುದೇನು? ಬಸ್ಸಾರು! ಅಲಸಂದೆಕಾಳು, ದಂಟಿನಸೊಪ್ಪು ಬೇಯಿಸಿ ನೀರು ಬಸಿಯುತ್ತೇವೆ. ಬಸಿದ ಕಾಳು ಸೊಪ್ಪಿಗೆ ಒಗ್ಗರಣೆ ಹಾಕಿದರೆ ಪಲ್ಯ. ಬಸಿದ ಕಟ್ಟಿಗೆ ಈರುಳ್ಳಿ, ಬೆಳ್ಳುಳ್ಳಿ, ಕಾಯಿ, ಮೆಣಸು ರುಬ್ಬಿ ಹಾಕಿದರೆ ಸಾರು. ಪಲ್ಯ ಒಂದು ಚಮಚ ಪಕ್ಕಕ್ಕೆ, ಸಾರು ಮುದ್ದೆಗೆ ಎರಡು ಸೌಟು. ಅಂದರೆ ಎಷ್ಟು ಗಾಸ್ ಕರಗಿ ಬಂತೋ ಅಷ್ಟನ್ನೂ ಶ್ರದ್ಧೆಯಿಂದ ಬಸಿದು, ಅದಕ್ಕೆ ಫ್ರಕ್ಟಾನ್ ರುಬ್ಬಿ ಸೇರಿಸಿ, ಸುರಿದುಕೊಂಡು ಉಣ್ಣುತ್ತಿದ್ದೆ. ನನ್ನ ಹೊಟ್ಟೆಯಂಥ ಹೊಟ್ಟೆಗೆ ಇದಕ್ಕಿಂತ ಪಕ್ಕಾ ಏಟು ಯಾರೂ ಯೋಚಿಸಿ ಕೊಡಲು ಆಗುವುದಿಲ್ಲ.

ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ಪಲ್ಯ ತಿನ್ನಬಹುದು, ಕಟ್ಟು ಬೇಡವಂತೆ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಕಟ್ಟಲ್ಲೇ ಕಣವ್ವ ಸತ್ವ ಇರಾದು. ಚರಟ ತಿಂದು ರಸ ಚೆಲ್ಲು ಅಂದೋರು ಅದ್ಯಾವ ಸೀಮೆ ಡಾಕ್ಟ್ರು?" ಅಂದರು. ಸತ್ವ ಇರುವುದು ನಿಜವೇ. ಆ ಸತ್ವವೇ ನನಗೆ ಆಗದೇ ಇದ್ದದ್ದು.

ಈರುಳ್ಳಿಯ ವಿಷಯದಲ್ಲೂ ನೀರು ಎಣ್ಣೆಯ ಲೆಕ್ಕವೇ. ನಮ್ಮ ಮನೆಯಲ್ಲಿ ನನಗೋಸ್ಕರ ಸಾಂಬಾರಿನಿಂದ ಈರುಳ್ಳಿ ಚೂರುಗಳನ್ನು ಆರಿಸಿ ತೆಗೆಯುವ ಪದ್ಧತಿ ಶುರುವಾಗಿತ್ತು. ಇವರು ಪಾಪ, ಸೌಟು ಹಿಡಿದು ಹತ್ತು ನಿಮಿಷ ಆರಿಸುತ್ತಿದ್ದರು. ಎಲ್ಲ ದಂಡ. ಫ್ರಕ್ಟಾನ್ ನೀರಿಗೆ ಇಳಿದಾಗಿರುತ್ತೆ, ಆರಿಸಿ ತೆಗೆದ ಚೂರು ಬರೀ ಹೆಣ. ಅದೇ ಎಣ್ಣೆಯಲ್ಲಿ ಅದು ಕರಗುವುದಿಲ್ಲ. ಕಾದ ಎಣ್ಣೆಗೆ ಇಡೀ ಬೆಳ್ಳುಳ್ಳಿ ಎಸಳು ಹಾಕಿ, ಕೆಂಪಗಾದ ಮೇಲೆ ತೆಗೆದುಬಿಟ್ಟರೆ ಘಮ ಉಳಿಯುತ್ತದೆ, ತೊಂದರೆ ಎಸಳಿನ ಜೊತೆ ಹೋಗುತ್ತದೆ. ಆದರೆ ಸಾರು ಸುರಿಯುವ ಮೊದಲೇ ತೆಗೆಯಬೇಕು. ಒಂದು ಪಟ್ಟಿಯಲ್ಲಿ ಬೆಳ್ಳುಳ್ಳಿ ಬೇಡ, ಇನ್ನೊಂದರಲ್ಲಿ ಬೆಳ್ಳುಳ್ಳಿ ಎಣ್ಣೆ ಸರಿ ಅಂತಿದ್ದದ್ದು ಇದಕ್ಕೇ. ಅಂಥ ಎಣ್ಣೆ ಮಾಡಿ ಬಾಟಲಿಯಲ್ಲಿ ಹೊರಗಿಡುವುದು ಮಾತ್ರ ಬೇಡ, ಬಾಟ್ಯುಲಿಸಮ್ ಎಂಬ ವಿಷಾಹಾರದ ಕಾಯಿಲೆಯ ಅಪಾಯ ಇದೆ. ಆಗಿಂದಾಗಲೇ ಮಾಡಿ ಮುಗಿಸಿಬಿಡಿ. ಈರುಳ್ಳಿಯ ಬದಲಿಗೆ ಈರುಳ್ಳಿ ಸೊಪ್ಪಿನ ಹಸಿರು ಭಾಗ. ದೇವರಾಜ ಮಾರ್ಕೆಟ್ಟಿನಲ್ಲಿ ಸೊಪ್ಪಿನಾಕೆ ನಾನು ಬಿಳಿ ಗಡ್ಡೆ ಮುರಿದು ಅಲ್ಲೇ ಬಿಡುವುದನ್ನು ನೋಡಿ, "ಚೆನ್ನಾಗಿರೋದ್ನೇ ಬಿಟ್ ಹೋಯ್ತೀರಲ್ಲಕ್ಕ" ಎಂದು ಎತ್ತಿಟ್ಟುಕೊಂಡಳು.

ಈರುಳ್ಳಿ, ಬೆಳ್ಳುಳ್ಳಿ, ಬೇಳೆ ಮೂರೂ ಇಲ್ಲದ ಸಾರು ಹೇಗಿರುತ್ತೆ ಅಂತ ನನಗೆ ಕಲಿಸಿದವರು ಪಕ್ಕದ ಮನೆಯ ಅಜ್ಜಿ. ಮಾಧ್ವರು, ಚಾತುರ್ಮಾಸ್ಯ ವ್ರತ ಬಿಡದೆ ಮಾಡುವವರು. ಒಂದು ತಿಂಗಳು ತರಕಾರಿ ಇಲ್ಲ, ಒಂದು ತಿಂಗಳು ಮೊಸರಿಲ್ಲ, ಒಂದು ತಿಂಗಳು ಹಾಲಿಲ್ಲ, ಕೊನೆಯ ತಿಂಗಳು ದ್ವಿದಳ ವ್ರತ, ಅಂದರೆ ಬೇಳೆಕಾಳು ಇಲ್ಲ. ನಾನು ಹೋದಾಗ ಆ ಕೊನೆಯ ತಿಂಗಳು ನಡೆಯುತ್ತಿತ್ತು. ಕಾಯಿ, ಕಾಳುಮೆಣಸು, ಜೀರಿಗೆ ರುಬ್ಬಿದ ಸಾರು ಕೊಟ್ಟರು. ತಿಂದು ಕಣ್ಣಲ್ಲಿ ನೀರು ಬಂತು, ಮೆಣಸಿಗೇ ಇರಬಹುದು. ನನಗೆ ಹೊಳೆದದ್ದು ಏನೆಂದರೆ, ಅವರು ಬಿಡುವುದು ಒಂದು ತಿಂಗಳಿಗೆ ಒಂದು. ತಿಂಗಳು ಮುಗಿದರೆ ಅದು ತಟ್ಟೆಗೆ ವಾಪಸ್ ಬರುತ್ತದೆ. ನಾನು ನಾಲ್ಕು ತಿಂಗಳ ವ್ರತವನ್ನು ಒಟ್ಟಿಗೇ ಹಿಡಿದು, ಮುಗಿಸುವ ದಿನವನ್ನೇ ಮರೆತಿದ್ದೆ.

ಬಿಟ್ಟದ್ದನ್ನು ಒಂದೊಂದಾಗಿ ವಾಪಸ್ ತಂದು ನೋಡುವ ಪರೀಕ್ಷೆ ಶುರುವಾಯಿತು. ಮಕ್ಕಳ ಹೋಂವರ್ಕ್ ಪುಸ್ತಕದಂಥ ಇನ್ನೂರು ಪುಟದ ನೋಟ್‌ಬುಕ್ ತಗೊಂಡೆ. ಕ್ರಮ ಹೀಗೆ: ಒಂದು ಸಲಕ್ಕೆ ಒಂದೇ ಬಗೆಯ ಸಕ್ಕರೆ. ಮೂರು ದಿನ, ದಿನದಿಂದ ದಿನಕ್ಕೆ ಸ್ವಲ್ಪ ಜಾಸ್ತಿ. ತೊಂದರೆಯಾದರೆ ಅಲ್ಲೇ ನಿಲ್ಲಿಸುವುದು. ಎರಡು ಮೂರು ದಿನ ಬಿಡುವು, ಹೊಟ್ಟೆ ಸಮಾಧಾನ ಆದ ಮೇಲೆ ಮುಂದಿನದು. ಉಳಿದ ಊಟವೆಲ್ಲ ಹಳೆಯ ಹಾಗೇ ಇರಬೇಕು, ಇಲ್ಲದಿದ್ದರೆ ಕಳ್ಳ ಯಾರು ಅಂತ ಗೊತ್ತಾಗುವುದಿಲ್ಲ.

ಮೊದಲು ಹಾಲು ಆರಿಸಿಕೊಂಡೆ. ಕಾರಣ ಕಾಫಿ, ಸುಳ್ಳು ಯಾಕೆ ಹೇಳಲಿ. ಮೊದಲ ದಿನ ಅರ್ಧ ಲೋಟ, ಎರಡನೇ ದಿನ ಮುಕ್ಕಾಲು, ಮೂರನೇ ದಿನ ಒಂದು ಲೋಟ. ಏನೂ ಆಗಲಿಲ್ಲ. ಮೂರು ದಿನ ಗಡಿಯಾರ ನೋಡುತ್ತಾ ಕೂತಿದ್ದೆ, ಹೊಟ್ಟೆ ತಣ್ಣಗಿತ್ತು. ಅಂದರೆ ಐದು ತಿಂಗಳು ಮೊಸರನ್ನ ಬಿಟ್ಟದ್ದು ವ್ಯರ್ಥ. ಸಂತೋಷ ಆಗಬೇಕಿತ್ತು, ನನಗೆ ಸಿಟ್ಟು ಬಂತು.

ಆಮೇಲೆ ಗೋಧಿ. ಒಂದು ಚಪಾತಿ ಸರಿ, ಎರಡು ಸರಿ, ಮೂರನೆಯದಕ್ಕೆ ಉಬ್ಬರ. ಜೇನು ಏನೂ ಮಾಡಲಿಲ್ಲ. ಅಣಬೆಗೆ ಎರಡನೇ ದಿನವೇ ಶಾಲೆಯ ಕಾರಿಡಾರಿನಲ್ಲಿ ಓಡಿದೆ. ಬೆಳ್ಳುಳ್ಳಿ ಅರ್ಧ ಎಸಳಿಗೇ ಸೋತೆ. ಈರುಳ್ಳಿ ಒಂದು ಚಮಚ ತಿಂದ ಸಂಜೆ ಹೊಟ್ಟೆ ಡೋಲಿನ ಹಾಗೆ. ಅಲ್ಲಿಗೆ ನಮ್ಮೂರಿನ ಮದ್ದೂರು ವಡೆಯ ಕಥೆ ಮುಗಿಯಿತು. ರವೆ, ಮೈದಾ, ಕೈತುಂಬ ಈರುಳ್ಳಿ, ಮೂರೂ ಒಂದೇ ವಡೆಯಲ್ಲಿ. ರೈಲಿನಲ್ಲಿ ಬುಟ್ಟಿ ಹೊತ್ತು ಬರುವವರನ್ನು ಕಂಡರೆ ಈಗ ಕಿಟಕಿ ಕಡೆ ತಿರುಗಿ ಕೂರುತ್ತೇನೆ.

ರಾಗಿಯದು ಬೇರೆಯೇ ಪಂಚಾಯ್ತಿ. ಆ ವರ್ಷ ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷ ಬೇರೆ. ಎಲ್ಲಿ ನೋಡಿದರೂ ಸಿರಿಧಾನ್ಯ ತಿನ್ನಿ. ನನ್ನ ಪಟ್ಟಿಯಲ್ಲೂ ಮಿಲೆಟ್ ಹಸಿರು ಅಂತಿತ್ತು, ಆಸ್ಪತ್ರೆಯ ಹಾಳೆಯಲ್ಲಿ ರಾಗಿಯ ಹೆಸರೇ ಇರಲಿಲ್ಲ. ಮಿಲೆಟ್ ಅಂದರೆ ಯಾವುದು? ನವಣೆಯೋ, ಸಜ್ಜೆಯೋ, ಸಾಮೆಯೋ, ರಾಗಿಯೋ? ಒಂದು ಹೆಸರಿನ ಕೆಳಗೆ ಹತ್ತು ಧಾನ್ಯ ತುರುಕಿದರೆ ಪಟ್ಟಿ ಜಗಳವಾಡದೆ ಇನ್ನೇನು ಮಾಡುತ್ತೆ? ಪಟ್ಟಿ ನೋಡುವುದನ್ನು ಬಿಟ್ಟು ಮುದ್ದೆ ತಿಂದೇ ನೋಡಿದೆ. ಮೊದಲ ದಿನ ನಿಂಬೆಹಣ್ಣಿನಷ್ಟು, ಮೂರನೇ ದಿನ ಪೂರ್ತಿ ಮುದ್ದೆ, ಜೊತೆಗೆ ಅಜ್ಜಿಯ ಮೆಣಸಿನ ಸಾರು. ಏನೂ ಆಗಲಿಲ್ಲ. ಮುದ್ದೆ ಯಾವತ್ತೂ ತಪ್ಪು ಮಾಡಿರಲಿಲ್ಲ, ಸಹವಾಸ ದೋಷ ಅದರದು.

ಡಿಸೆಂಬರ್ ಕೊನೆಗೆ ತೂಕ 52 ಆಯಿತು. ನೋಟ್‌ಬುಕ್ಕಿನಲ್ಲಿ ಅರ್ಧ ತುಂಬಿತ್ತು. ಫ್ರಿಜ್ಜಿನ ಮೇಲಿನ ಹಾಳೆಗಳನ್ನು ಮಗಳು ತೆಗೆದು ಅವಳ ಚಿತ್ರ ಅಂಟಿಸಿದಳು.

ಉಳಿದದ್ದು ಅವರೆಕಾಳು. ಅದನ್ನು ನಾನು ಬೇಕಂತಲೇ ಕೊನೆಗಿಟ್ಟುಕೊಂಡಿದ್ದೆ. ಸೊಗಡಿನ ಕಾಲ, ಬೀದಿ ತುಂಬ ರಾಶಿ. ಹಿತಕಿದ ಬೇಳೆ ಎರಡು ಚಮಚ ತಿಂದಾಗ ಸರಿಯಿತ್ತು. ನಾಲ್ಕು ಚಮಚಕ್ಕೆ ಸಣ್ಣ ಗುಳುಗುಳು. ಆರಕ್ಕೆ ಹೋಗಲಿಲ್ಲ. ಇಷ್ಟೆಲ್ಲ ಲೆಕ್ಕ ಮಾಡಿಕೊಂಡು ಸಂಕ್ರಾಂತಿಗೆ ಊರಿಗೆ ಹೋದೆ. ಸಂಕ್ರಾಂತಿಯ ತಟ್ಟೆ ಹೇಗಿರುತ್ತೆ ನಿಮಗೆ ಗೊತ್ತೇ ಇದೆ. ಬೇಯಿಸಿದ ಅವರೆಕಾಯಿ, ಗೆಣಸು, ಕಡಲೆಕಾಯಿ, ಎಳ್ಳುಬೆಲ್ಲ, ಕಬ್ಬು. ಒಂದೊಂದೇ ತಿಂದರೆ ಒಂದೊಂದೂ ಸರಿ. ಗೆಣಸು ಅರ್ಧ ಕಪ್ಪಿನವರೆಗೆ ಹಸಿರು, ಮೇಲೆ ಹೋದರೆ ಮ್ಯಾನಿಟಾಲ್. ಅವರೆ ಎರಡು ಚಮಚ. ಕಡಲೆಕಾಯಿ ನಿಶ್ಚಿಂತೆ. ಆದರೆ ಹಸಿರು ಹಸಿರು ಅಂತ ನಾಲ್ಕನ್ನು ಒಂದೇ ತಟ್ಟೆಗೆ ಹಾಕಿಕೊಂಡರೆ ಹೊಟ್ಟೆ ಅವನ್ನೆಲ್ಲ ಕೂಡಿಸಿಯೇ ಲೆಕ್ಕ ಹಾಕುತ್ತದೆ. ಯಾವ ಪಟ್ಟಿಯಲ್ಲೂ ಈ ಕೂಡಿಸುವ ಲೆಕ್ಕ ಇರುವುದಿಲ್ಲ. ಡಯಟಿಷಿಯನ್ ಮೊದಲೇ ಎಚ್ಚರಿಸಿದ್ದರು.

ಹೊಲದ ಬದುವಿನ ಮೇಲೆ ಕೂತಿದ್ದೆವು. ಅಮ್ಮ ಅವರೆಕಾಯಿಯ ಪಾತ್ರೆ ಹಿಡಿದು ಬಂದರು. ನೀರು ಪೂರ್ತಿ ಬಸಿದಿತ್ತು. ನಾನು ಕೇಳಿಯೇ ಇರಲಿಲ್ಲ.

"ಕಟ್ಟು ಎಲ್ಲಿ?" ಅಂದೆ.

"ಎಮ್ಮೆಗೆ ಹಾಕ್ದೆ. ಅದಕ್ಯಾವ ಡಾಕ್ಟ್ರೂ ಹೇಳಿಲ್ಲ." ಒಂದು ಹಿಡಿ ನನ್ನ ತಟ್ಟೆಗೆ ಸುರಿದು, ಇನ್ನೊಂದು ಹಿಡಿ ಎತ್ತಿಕೊಂಡು ನನ್ನ ಮುಖ ನೋಡಿದರು. "ಆಯ್ತದಾ?"

ಅವತ್ತಿನ ನೋಟ್‌ಬುಕ್ಕಿನಲ್ಲಿ ಹೀಗೆ ಬರೆದಿದ್ದೇನೆ: "ಜನವರಿ 15. ಅವರೆ ಎರಡು ಹಿಡಿ, ಗೆಣಸು ಒಂದು ತುಂಡು, ಕಬ್ಬು ಲೆಕ್ಕವಿಲ್ಲ. ರಾತ್ರಿ ಹತ್ತಕ್ಕೆ ಗುಡುಗು. ಹನ್ನೊಂದಕ್ಕೆ ನಿಂತಿತು. ಮಳೆ ಬರಲಿಲ್ಲ."